ಗೊತ್ತಿಲ್ಲದ್ದಕ್ಕೆ ಗುರುತು

ಹೋದ ಬೇಸಿಗೆಯಲ್ಲಿ ನನ್ನ ತಂಗಿಯ ಮೊಮ್ಮಗಳು ಹುಬ್ಬಳ್ಳಿಯಿಂದ ನಾಲ್ಕು ದಿನ ನವಲಗುಂದಕ್ಕೆ ಬಂದಿದ್ದಳು. ಸಿಇಟಿಗೆ ಇನ್ನು ಎರಡು ವಾರ ಉಳಿದಿತ್ತು. "ಅಜ್ಜಿ ಕಡೆ ಕೂತು ಗಣಿತ ಮಾಡು, ಮೊಬೈಲಾದರೂ ಕಡಿಮಿ ಆಗತದ" ಎಂದು ಅವರವ್ವ ಕಳಿಸಿದ್ದು. ಹುಡುಗಿ ಬಂದದ್ದೇ ಮೊಬೈಲಿನ ತುಂಬ ಗಣಿತ ತುಂಬಿಕೊಂಡು! ಒಂದರ ಹಿಂದೆ ಒಂದು ಸಮಸ್ಯೆ, ಒಂದೊಂದರ ಕೆಳಗೆ ನಾಲ್ಕು ಉತ್ತರ. ಅದರಲ್ಲಿ ಒಂದನ್ನು ನನ್ನ ಮುಂದೆ ಹಿಡಿದಳು. ನಾನು ಹಳೆಯ ಚಟದಂತೆ ಕಾಗದ, ಪೆನ್ಸಿಲ್ ತೆಗೆದುಕೊಂಡು ಆಕೃತಿ ಬರೆಯಲು ಹೊರಟರೆ ಕೈ ಹಿಡಿದಳು.

"ಅಜ್ಜಿ, ನೀ ಬಿಡಿಸಿ ತೋರಸಬ್ಯಾಡ. ನಾಲ್ಕರಾಗ ಯಾವುದು ಅಂತ ಅಷ್ಟ ಹೇಳು. ಒಂದಕ್ಕ ಎಂಬತ್ತು ಸೆಕೆಂಡು ಅದ."

ಕನ್ನಡಕ ಸರಿಮಾಡಿಕೊಂಡು ನೋಡಿದೆ. "ಬಿ ಇರಬೇಕು" ಎಂದೆ.

"ಇರಬೇಕು ಅಂದ್ರ?"

"ಅಂದಾಜು."

"ಅಷ್ಟು ಸಾಕು ಬಿಡು" ಎಂದು ಒತ್ತಿದಳು. ಹಸಿರು ಗುರುತು ಮೂಡಿತು. "ನೋಡು, ಬಂತು!" ಎನ್ನುತ್ತ ಮುಂದಿನದಕ್ಕೆ ಹೋದಳು.

ನಾನು ಪೆನ್ಸಿಲ್ ಹಿಡಿದು ಹಾಗೇ ಕುಳಿತೆ. ಬಂತು ಎಂದರೆ ಏನು ಬಂತು? ಉತ್ತರ ಬಂತು, ನಿಜ. ಆದರೆ ಅದು ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ ಇಬ್ಬರು ಕೂಡಿ ಒಂದು ಅಂಕ ಗಳಿಸಿದ್ದೆವು. ಹದಿನೆಂಟು ವರ್ಷದ ಹಿಂದೆ ಇದೇ ಪಡಸಾಲೆಯಲ್ಲಿ, ಬಾಗಿಲ ಹತ್ತಿರದ ಕಂಬಕ್ಕೆ ಒರಗಿ ಕೂಡುತ್ತಿದ್ದ ಇನ್ನೊಬ್ಬ ಹುಡುಗಿಯ ನೆನಪಾಯಿತು. ಆ ಮಾತನ್ನು ಈವರೆಗೆ ಯಾರೆದುರೂ ಪೂರ್ತಿ ಹೇಳಿದವಳಲ್ಲ. ಹೇಳಿದರೆ ನನ್ನ ತಪ್ಪೂ ಹೇಳಬೇಕಾಗುತ್ತದೆ.

ನಾನು ಪಿಯು ಕಾಲೇಜಿನಲ್ಲಿ ಮೂವತ್ತು ವರ್ಷ ಗಣಿತ ಹೇಳಿದವಳು. ತವರು ಅಣ್ಣಿಗೇರಿ, ಕೊಟ್ಟದ್ದು ನವಲಗುಂದಕ್ಕೆ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ನಮ್ಮ ಕಡೆಯ ಮಕ್ಕಳಿಗೆ ಇಂಜಿನಿಯರಿಂಗ್ ಎಂದರೆ ಹುಬ್ಬಳ್ಳಿಯ ದೊಡ್ಡ ಕಾಲೇಜಿನ ಗೇಟು ಹೊರಗಿನಿಂದ ನೋಡಿ ಬರುವುದು, ಅಷ್ಟೆ. ಒಳಗೆ ಹೋಗಬೇಕಾದರೆ ಬಹಳ ಅಂಕ ಬೇಕು, ಇಲ್ಲವೇ ಬಹಳ ರೊಕ್ಕ ಬೇಕು. ಡೊನೇಶನ್ ಬೇಡವೆಂದು ರಾಜ್ಯ ಸರಕಾರ 1984ರಲ್ಲೇ ಕಾಯಿದೆ ಮಾಡಿತ್ತು. ಕಾಯಿದೆ ಕಪಾಟಿನಲ್ಲಿ ಇತ್ತು, ಡೊನೇಶನ್ ಕೌಂಟರಿನಲ್ಲಿ ಇತ್ತು. 1992ರಲ್ಲಿ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿಯ ಮೊಕದ್ದಮೆ ಸುಪ್ರೀಮ್ ಕೋರ್ಟಿನಲ್ಲಿ ತೀರ್ಪಾಯಿತು. ಅದೂ ಕರ್ನಾಟಕದ ಕಾಲೇಜಿನ ಸೀಟಿನ ವಿಷಯವೇ. ಮರುವರ್ಷ ಉನ್ನಿಕೃಷ್ಣನ್ ಮೊಕದ್ದಮೆಯ ತೀರ್ಪು ಬಂದು ಖಾಸಗಿ ಕಾಲೇಜುಗಳ ಸೀಟುಗಳನ್ನೂ ಅರ್ಹತೆಯ ಮೇಲೆ ಹಂಚುವ ಏರ್ಪಾಡಾಯಿತು. ಅದರ ಬೆನ್ನಿಗೇ 1994ರಲ್ಲಿ ನಮ್ಮ ಸಿಇಟಿ ಹುಟ್ಟಿತು. ಕೋರ್ಟಿನ ಆ ಏರ್ಪಾಡು 2002ರಲ್ಲಿ ಬದಲಾಯಿತು. ಪರೀಕ್ಷೆ ಮಾತ್ರ ಉಳಿಯಿತು.

ಸಿಇಟಿ ಬಂದಾಗ ನಮಗಾದ ಸಂತೋಷ ಇಂದಿನವರಿಗೆ ತಿಳಿಯಲಿಕ್ಕಿಲ್ಲ. ಮೊರಬದ ಒಕ್ಕಲಿಗನ ಮಗನೂ ಬೆಂಗಳೂರಿನ ಡಾಕ್ಟರ ಮಗನೂ ಒಂದೇ ದಿನ, ಒಂದೇ ಹೊತ್ತಿಗೆ, ಒಂದೇ ಪ್ರಶ್ನೆಪತ್ರಿಕೆ ಬಿಚ್ಚುವುದು! ಗಣಿತಕ್ಕೆ 60 ಪ್ರಶ್ನೆ, 80 ನಿಮಿಷ. ತಪ್ಪಿಗೆ ಅಂಕ ಕಳೆಯುವುದಿಲ್ಲ. ಬೇಸಿಗೆ ರಜೆಯಲ್ಲಿ ನಮ್ಮ ಪಡಸಾಲೆಯಲ್ಲಿ ಪಾಠ ಶುರು ಮಾಡಿದೆ. ಮೊರಬ, ಅಳಗವಾಡಿ, ಶಲವಡಿಯಿಂದ ಮುಂಜಾನೆಯ ಬಸ್ಸಿಗೆ ಮಕ್ಕಳು ಬರುತ್ತಿದ್ದರು. ಫೀ ಎಂದು ಇರಲಿಲ್ಲ. ಸುಗ್ಗಿಯಲ್ಲಿ ಯಾರಾದರೂ ಒಂದು ಚೀಲದಲ್ಲಿ ಕಡಲೆಯನ್ನೋ ಹೆಸರನ್ನೋ ತಂದಿಟ್ಟು ಹೋಗುತ್ತಿದ್ದರು. ಧಾರವಾಡದ ಸುಭಾಸ ರಸ್ತೆಯಿಂದ ತಂದ ಗೈಡುಗಳು, ಹಿಂದಿನ ವರ್ಷಗಳ ಪತ್ರಿಕೆಗಳು, ನಾನೇ ಕಾರ್ಬನ್ ಇಟ್ಟು ಬರೆದ ಹಾಳೆಗಳು, ಇವೇ ನಮ್ಮ ಸಾಮಗ್ರಿ. ಹತ್ತನೆಯ ಇಯತ್ತೆಯವರೆಗೆ 'ತ್ರಿಕೋನಮಿತಿ' ಎಂದು ಕಲಿತು ಬಂದ ಮಕ್ಕಳಿಗೆ ಪಿಯುಸಿಯಲ್ಲಿ ಅದೇ 'ಟ್ರಿಗನಾಮೆಟ್ರಿ'ಯಾಗಿ ಎದುರು ನಿಲ್ಲುತ್ತಿತ್ತು. ಪರಿಚಯದವರು ಪ್ಯಾಂಟು ಹಾಕಿಕೊಂಡು ಬಂದರೆ ಗುರುತು ಸಿಗದ ಹಾಗೆ.

ಆ ಹುಡುಗಿ 2007ರ ತಂಡದವಳು. ಹೆಸರು ಬೇಡ. ಅವಳ ತಾಯಿ ನವಲಗುಂದದ ಜಮಖಾನೆ ನೇಯುವವಳು. ಈ ಜಮಖಾನೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕು ಪೇಪರಿನಲ್ಲಿ ಹೆಸರು ಬಂದಿದೆ. ನೇಯುವವರ ಮನೆ ಆಗ ಹೇಗಿದ್ದವೋ ಹೆಚ್ಚು ಕಡಿಮೆ ಈಗಲೂ ಹಾಗೇ ಇವೆ. ಗೋಡೆಗೆ ನಿಲ್ಲಿಸಿದ ಮಗ್ಗ, ಅದರ ಮುಂದೆ ಕಾಲು ಮಡಚಿ ಕುಳಿತ ಹೆಂಗಸರು, ನವಿಲು, ಪಗಡೆ ಹಾಸಿನ ಚಿತ್ತಾರ. ಈ ವಿದ್ಯೆಯನ್ನು ಮಗಳಿಗೆ ಕಲಿಸದೆ ಸೊಸೆಗೆ ಕಲಿಸುವ ಪದ್ಧತಿ ಇತ್ತೆಂದು ಹೇಳುತ್ತಾರೆ. ಮಗಳು ಮದುವೆಯಾಗಿ ಹೋದರೆ ವಿದ್ಯೆಯೂ ಬೇರೆ ಮನೆಗೆ ಹೋದೀತೆಂದು. ಏನೇ ಇರಲಿ, ಆ ತಾಯಿ ಮಗಳ ಕೈಗೆ ದಾರ ಕೊಡಲಿಲ್ಲ, ಪುಸ್ತಕ ಕೊಟ್ಟಳು.

ಇಲ್ಲಿ ಸ್ವಲ್ಪ ಗಣಿತ ಹೇಳಬೇಕಾಗಿದೆ. ಗಣಿತ ಬಿಟ್ಟು ಬಹಳ ದಿನವಾದವರು ಹೆದರಿ ಪುಟ ತಿರುವಬೇಡಿ. ಕಲಘಟಗಿ ಕಡೆಯ ಹಂಚಿನ ಮನೆ ನೋಡಿದ್ದೀರಷ್ಟೆ? ನಮ್ಮ ಕರಿನೆಲದ ಮಣ್ಣಿನ ಮಾಳಿಗೆ ಚಪ್ಪಟೆ. ಅಲ್ಲಿ ಮಳೆ ಹೆಚ್ಚು, ಎರಡೂ ಕಡೆ ಇಳಿಜಾರು. ಎರಡು ಇಳಿಜಾರು, ಕೆಳಗೆ ಒಂದು ಅಡ್ಡ ತೊಲೆ, ಇದು ತ್ರಿಕೋನ. ಸೂರ್ಯ ನೆತ್ತಿಯ ಮೇಲೆ ಇರುವಾಗ ಒಂದೊಂದು ಇಳಿಜಾರಿನ ನೆರಳು ನೇರ ಕೆಳಗೆ, ತೊಲೆಯ ಮೇಲೆ ಬೀಳುತ್ತದೆ. ಎರಡು ನೆರಳು ಕೂಡಿಸಿದರೆ ಎಷ್ಟು? ಪೂರ್ತಿ ತೊಲೆಯ ಉದ್ದ, ಮತ್ತೇನು! ಪಿಯುಸಿ ಪುಸ್ತಕದಲ್ಲಿ ಇದನ್ನೇ 'ಎ ಕಾಸ್ ಬಿ ಕೂಡಿಸು ಬಿ ಕಾಸ್ ಎ, ಸಮ ಸಿ' ಎಂದು ಬರೆದಿರುತ್ತಾರೆ. ನೆರಳಿನ ಉದ್ದಕ್ಕೆ ಅವರಿಟ್ಟ ಹೆಸರು ಅದು.

ಆದರೆ ನಾನು ಆ ಮಕ್ಕಳಿಗೆ ನೆರಳಿನ ಮಾತು ಹೇಳಲಿಲ್ಲ. ಹೊತ್ತಿರಲಿಲ್ಲ. ಹೇಳಿದ್ದು ಇಷ್ಟು: "ಅಳತೆ ಮೂರು, ನಾಲ್ಕು, ಐದು ಇರೋ ತ್ರಿಕೋನ ತಗೊಳ್ರಿ. ಹಾಕಿ ನೋಡ್ರಿ. ಒಂಬತ್ತು ಐದಾಂಶ, ಹದಿನಾರು ಐದಾಂಶ, ಕೂಡಿಸಿದ್ರ ಐದು. ಐದು ಅಂದ್ರ ಸಿ. ಮುಗೀತು. ಮೂರೂ ಬಾಜು ಸಮ ಇರೋದು ಮಾತ್ರ ತಗೋಬ್ಯಾಡ್ರಿ, ಆಗ ಎ, ಬಿ, ಸಿ ಮೂರೂ ಒಂದ ಆಗಿ ಮೋಸ ಹೋಗತೀರಿ." ಮಕ್ಕಳು ಬರೆದುಕೊಂಡರು. ಇಪ್ಪತ್ತು ಸೆಕೆಂಡಿನಲ್ಲಿ ಉತ್ತರ.

ಕಂಬದ ಹತ್ತಿರದಿಂದ ಪ್ರಶ್ನೆ ಬಂತು. "ಒಂದು ತ್ರಿಕೋನಕ್ಕ ಬಂತ್ರಿ ಮೇಡಂ. ಎಲ್ಲಾ ತ್ರಿಕೋನಕ್ಕೂ ಬರತೈತಿ ಅಂತ ಹೆಂಗ ಗೊತ್ತಾತ್ರಿ?"

"ನಾಲ್ಕು ಉತ್ತರದಾಗ ಮೂರು ಸುಳ್ಳಾದ್ರ ಉಳಿದದ್ದು ಖರೇನ ಅಲ್ಲೇನವಾ?" ಎಂದೆ. ಎಲ್ಲರೂ ನಕ್ಕರು. ಅವಳೂ ಸುಮ್ಮನಾದಳು, ಆದರೆ ಒಪ್ಪಿದ ಮುಖವಲ್ಲ.

ನಾನು ಹೇಳಿದ್ದು ತರ್ಕಕ್ಕೆ ಸರಿಯೇ. ಒಂದು ತ್ರಿಕೋನಕ್ಕೆ ಸುಳ್ಳಾದ ಉತ್ತರ ಎಲ್ಲ ತ್ರಿಕೋನಕ್ಕೆ ನಿಜವಾಗಲಾರದು. ಆದರೆ ಆ ತರ್ಕ ನಿಂತಿರುವುದು ತ್ರಿಕೋನದ ಮೇಲಲ್ಲ, ಪ್ರಶ್ನೆ ತೆಗೆದವನ ಮೇಲೆ. ನಾಲ್ಕರಲ್ಲಿ ಒಂದು ನಿಜವಿದ್ದೇ ಇರುತ್ತದೆ ಎಂಬ ನಂಬಿಕೆಯ ಮೇಲೆ. ಹಳೆಯ ಕಾಲದ ಗಣಿತದಲ್ಲಿ ಈ ಊರುಗೋಲು ಇರಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲಿ ವ್ಯವಹಾರಗಣಿತ ಬರೆದ. ಅದೇ ಶತಮಾನದಲ್ಲಿ, 1150ರಲ್ಲಿ, ಭಾಸ್ಕರಾಚಾರ್ಯ ಲೀಲಾವತಿ ಬರೆದ. ಅದರಲ್ಲಿ ಎಷ್ಟೋ ಲೆಕ್ಕಗಳನ್ನು ಒಬ್ಬ ಬಾಲೆಯನ್ನು ಕರೆದು ಕೇಳಿದ್ದಾನೆ. ಹೆಣ್ಣುಮಗಳ ಮುಂದೆ ನಾಲ್ಕು ಉತ್ತರ ಹರಡಿ ಒಂದನ್ನು ಆರಿಸು ಎಂದವನಲ್ಲ. ಕೊನೆಯಿಂದ ಹಿಂದಕ್ಕೆ ಲೆಕ್ಕ ನಡೆಸಿ ಮೊದಲಿಗೆ ಮುಟ್ಟುವ ವಿಲೋಮ ಕ್ರಮವೂ ಅದರಲ್ಲಿದೆ. ನನಗೆ ಶಾಲೆಯಲ್ಲಿ ಮಾಸ್ತರರು ಹೇಳುತ್ತಿದ್ದ 'ತಾಳೆ ನೋಡು' ಎಂಬುದಕ್ಕೂ ಇದಕ್ಕೂ ಬಹಳ ದೂರವಿಲ್ಲ.

ಪ್ರಶ್ನೆ ತೆಗೆದವರನ್ನು ನಂಬುವ ಮಾತು ಬಂತಲ್ಲ. 2024ರ ಸಿಇಟಿಯಲ್ಲಿ ಪಠ್ಯಕ್ರಮದಲ್ಲಿಲ್ಲದ ಪ್ರಶ್ನೆಗಳು ಬಂದು ದೊಡ್ಡ ಗದ್ದಲವಾಯಿತು. ಕೊನೆಗೆ ಎಲ್ಲ ವಿಷಯ ಸೇರಿ 50 ಪ್ರಶ್ನೆಗಳನ್ನು ಕೈಬಿಟ್ಟು ಅಂಕ ಎಣಿಸಿದರು. ಆ ಐವತ್ತನ್ನು ಮಕ್ಕಳು ಖಾಲಿ ಬಿಟ್ಟಿದ್ದರೆಂದು ಯಾರಾದರೂ ನಂಬುತ್ತೀರಾ? ಕಲಿಸದ ಪಾಠಕ್ಕೂ ಉತ್ತರ ತುಂಬಿ ಬಂದಿರುತ್ತಾರೆ, ನಮ್ಮಂಥವರು ಹಾಗೆ ತಯಾರು ಮಾಡಿರುತ್ತೇವೆ.

ನಾನೂ ತಯಾರು ಮಾಡಿದೆ. ಪರೀಕ್ಷೆಯ ಹಿಂದಿನ ದಿನದ ಪಾಠ ಪ್ರತಿ ವರ್ಷ ಒಂದೇ: "ಕೊನೀ ಐದು ನಿಮಿಷಕ್ಕ ಖಾಲಿ ಉಳಿದ ಗೋಲ ಎಲ್ಲಾ ತುಂಬಿಬಿಡ್ರಿ. ಒಂದ ಅಕ್ಷರ ಹಿಡಿದು ತುಂಬ್ರಿ. ಯಾವುದೂ ಖಾಲಿ ಬಿಡಬ್ಯಾಡ್ರಿ." ಅಳಗವಾಡಿಯ ಒಬ್ಬ ಹುಡುಗ "ದೇವರಿಗೆ ಹೂವಿನ ಪ್ರಸಾದ ಕೇಳಿದಂಗ ಅಲ್ರೀ ಮೇಡಂ?" ಎಂದು ಎಲ್ಲರನ್ನೂ ನಗಿಸಿದ. ಅವನು ಈಗ ಪುಣೆಯಲ್ಲಿ ಇಂಜಿನಿಯರ್.

ಫಲಿತಾಂಶ ಬಂತು. ಕಂಬದ ಹುಡುಗಿಯ ರ್‍ಯಾಂಕ್ ನಾನೆಣಿಸಿದ್ದಕ್ಕಿಂತ ಬಹಳ ಹಿಂದೆ ಇತ್ತು. ಮನೆಗೆ ಕರೆಸಿ ಕೇಳಿದೆ. ಗಣಿತದಲ್ಲಿ ಹದಿನಾಲ್ಕು ಗೋಲಗಳನ್ನು ಖಾಲಿ ಬಿಟ್ಟು ಬಂದಿದ್ದಳು.

"ಹೊತ್ತು ಸಾಲಲಿಲ್ಲೇನು?"

"ಹೊತ್ತು ಇತ್ರಿ."

"ಮತ್ತ? ಹಿಂದಿನ ದಿನ ನಾ ಹೇಳಿದ್ದು ಕೇಳಲಿಲ್ಲೇನು?"

"ಕೇಳಿದ್ನಿರಿ ಮೇಡಂ. ಆದ್ರ ನನಗ ಗೊತ್ತಿರಲಿಲ್ರಿ. ಗೊತ್ತಿಲ್ಲದ್ದಕ್ಕ ಹೆಂಗ ಗುರುತು ಹಾಕ್ಲಿ?"

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅವಳೆದುರಿಗೇ ಲೆಕ್ಕ ಮಾಡಿ ತೋರಿಸಿದೆ. ಕಣ್ಣು ಮುಚ್ಚಿ ತುಂಬಿದರೂ ನಾಲ್ಕಕ್ಕೆ ಒಂದು ಸರಿ, ಹದಿನಾಲ್ಕಕ್ಕೆ ಮೂರೂವರೆ. ಮೂರು ವಿಷಯದ 180 ಅಂಕದಲ್ಲಿ ಮೂರೂವರೆ ಎಂದರೆ ನೂರಕ್ಕೆ ಸುಮಾರು ಎರಡು. ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ ಸೇರಿಸಿ ರ್‍ಯಾಂಕ್ ಕಟ್ಟುವುದರಿಂದ ನೂರಕ್ಕೆ ಒಂದು. "ಒಂದು ಅಂದ್ರ ಸಣ್ಣದಲ್ಲವಾ. ಆ ಒಂದರಾಗ ಸಾವಿರಗಟ್ಟಲೆ ಹುಡುಗ್ರು ನಿನ್ನ ಮುಂದ ಹೋಗಿ ನಿಂತಾರ!" ಎಂದೆ. ಇನ್ನೂ ಏನೇನೋ ಅಂದೆ. ಹರಿಶ್ಚಂದ್ರನ ವಂಶದವಳೇನು ಎಂದೂ ಅಂದೆ. ಅವಳ ಕಣ್ಣಲ್ಲಿ ನೀರು ಬಂತು, ಬಾಯಲ್ಲಿ ಮಾತು ಬರಲಿಲ್ಲ.

ಇನ್ನೊಂದು ಸಂಗತಿ ನನ್ನ ಸಿಟ್ಟು ಹೆಚ್ಚಿಸಿತ್ತು. ಒಂದರಿಂದ ಹತ್ತನೆಯ ಇಯತ್ತೆಯವರೆಗೆ ಹಳ್ಳಿಯಲ್ಲಿ ಓದಿದವರಿಗೆ ಸಿಇಟಿಯಲ್ಲಿ ನೂರಕ್ಕೆ 15ರಷ್ಟು ಗ್ರಾಮೀಣ ಮೀಸಲಾತಿ ಇದೆ. ನವಲಗುಂದ ಪುರಸಭೆಯ ಊರು, ಆದ್ದರಿಂದ ಅದು ಹಳ್ಳಿಯಲ್ಲ. ಮಗ್ಗದ ಓಣಿಯ ಈ ಮಗು ಕಾಗದದ ಮೇಲೆ ನಗರವಾಸಿ! ಊರ ಹೊರಗಿನ ಹಳ್ಳಿಯ ಉಳ್ಳವರ ಮಗ ಗ್ರಾಮೀಣ. ಹೀಗಿರುವಾಗ ಒಂದೊಂದು ಅಂಕವೂ ಅವಳಿಗೆ ಬೇಕಿತ್ತು. ಸಿಗಬಹುದಾಗಿದ್ದ ಕಡಿಮೆ ಫೀಸಿನ ಸೀಟು ಸಿಗಲಿಲ್ಲ. ಬಿಎಸ್ಸಿಗೆ ಸೇರಿದಳು.

ಒಂದು ವಾರ ಬಿಟ್ಟು ತಾಯಿ ಬಂದಳು. ಜಗಳಕ್ಕೆ ಬಂದಳೆಂದೇ ನಾನು ಎಣಿಸಿದ್ದೆ. ಅವಳು ಕಟ್ಟೆಯ ಮೇಲೆ ಕುಳಿತು, "ಬಾಯಾರ, ನಮ್ಮ ಹುಡುಗಿ ಏನರ ತಪ್ಪು ಮಾಡೈತೇನ್ರಿ? ಊಟಾ ಸೈತ ಬಿಟ್ಟೈತ್ರಿ" ಎಂದಳು. ನಾನು ನಡೆದದ್ದು ಹೇಳಿದೆ. ಅವಳಿಗೆ ಗೋಲ ತುಂಬುವುದು, ಬಿಡುವುದು ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಅಂದಳು: "ನಾವು ಎಳಿ ಎಣಿಸಿ ನೇಯತೇವ್ರಿ. ಎಣಿಕಿ ಮರತ್ರ ಬಿಚ್ಚತೇವ್ರಿ. ಅಂದಾಜಿಲೆ ಮುಂದ ಹೋದ್ರ ಅರ್ಧಾ ಮುಗದ ಮ್ಯಾಲೆ ನವಿಲಿನ ಕೊಳ್ಳು ಸೊಟ್ಟ ಆಗತೈತ್ರಿ. ಅದನ್ನ ನೋಡಿ ನೋಡಿ ಬೆಳದೈತ್ರಿ ಅದು. ಬ್ಯಾರೇದು ಹೆಂಗ ಮಾಡೀತು?"

ಅವಳು ಹೋದ ಮೇಲೆ ನಮ್ಮ ಮನೆಯ ಜಮಖಾನೆಯನ್ನು ಹಾಸಿ ಬಹಳ ಹೊತ್ತು ನೋಡಿದೆ. ಅದರ ನಡುವೆ ಇರುವುದು ಪಗಡೆಯ ಹಾಸು. ದಾಳ ಉರುಳಿಸಿ, ಅದೃಷ್ಟ ನಂಬಿ ಆಡುವ ಆಟದ ಚಿತ್ರ. ಅದನ್ನು ನೇಯುವಾಗ ಮಾತ್ರ ಒಂದು ಎಳೆಯನ್ನೂ ಅದೃಷ್ಟಕ್ಕೆ ಬಿಟ್ಟಿಲ್ಲ.

ಹುಡುಗಿಯೇ ಸರಿ, ನಾನೇ ತಪ್ಪು ಎಂದು ಇಲ್ಲಿಗೆ ಕಥೆ ಮುಗಿಸಿದ್ದರೆ ಸುಲಭವಿತ್ತು. ಆ ವರ್ಷ ಮಹಾಲಯಕ್ಕೆ ಅಣ್ಣಿಗೇರಿಗೆ ಹೋದಾಗ ನಮ್ಮಣ್ಣನ ಮುಂದೆ ಈ ಮಾತು ತೆಗೆದೆ. ಅವನು ಒಕ್ಕಲುತನದವನು, ಎಸ್ಸೆಸ್ಸೆಲ್ಸಿಯಲ್ಲಿ ಗಣಿತದಲ್ಲೇ ನಪಾಸಾದವನು. ಕೇಳಿ ನಕ್ಕ. "ಹಂಗಾದ್ರ ನಾವು ಬಿತ್ತೂದ ಬ್ಯಾಡೇನು? ಮುಂಗಾರಿಗೆ ಹೆಸರು ಹಾಕತೀವಿ, ಮಳಿ ಆಗತದ ಅಂತ ಯಾರು ಬರಕೊಟ್ಟಾರ? ಹಿಂಗಾರಿಗೆ ಕಡಲಿ, ಜ್ವಾಳಾ ಹಾಕತೀವಿ. ಕೂರಿಗಿ ಹೂಡೂದಂದ್ರನ ಗೊತ್ತಿಲ್ಲದ್ದಕ್ಕ ಗುರುತು ಹಾಕೂದು. ಹೊಲಾ ಖಾಲಿ ಬಿಟ್ಟು, ನನಗ ಮಳೀದು ಗೊತ್ತಿರಲಿಲ್ಲ ಅಂದ್ರ ಮಂದಿ ಹುಚ್ಚ ಅಂತಾರ."

ಅವನ ಮಾತಿಗೆ ಎದುರಾಡಲು ಆಗಲಿಲ್ಲ. ನಮ್ಮ ಬಾಳನ್ನೇ ನೋಡಿ. 1974ರಲ್ಲಿ ನಮ್ಮಪ್ಪ "ಹುಡುಗ ಒಪ್ಪಿಗಿ ಅದಾನೇನ?" ಎಂದು ಕೇಳಿದಾಗ ನಾನು ಹೂಂ ಅಂದೆ. ಐದು ನಿಮಿಷ ನೋಡಿದ್ದು, ಅದೂ ತಲೆ ಬಗ್ಗಿಸಿ. ಯಾವ ಲೆಕ್ಕ ಬಿಡಿಸಿ ಹೂಂ ಅಂದಿದ್ದೆ? ಉತ್ತರ ಸರಿಯಾಯಿತು, ದೇವರ ದಯೆ. ನನ್ನ ಜೊತೆ ಓದಿದ ಇಬ್ಬರಿಗೆ ಆಗಲಿಲ್ಲ. ಅವರೂ ನನ್ನಷ್ಟೇ ನೋಡಿದ್ದರು, ನನ್ನ ಹಾಗೇ ಹೂಂ ಅಂದಿದ್ದರು. ನಾನು ಜಾಣೆ, ಅವರು ದಡ್ಡರು ಎಂದು ಅವರ ಮುಂದೆ ಹೇಳುವ ಧೈರ್ಯ ನನಗಿಲ್ಲ. ಆದರೆ ಬೇರೆಯವರ ಮಕ್ಕಳ ಮದುವೆಗೆ ಬುದ್ಧಿ ಹೇಳುವಾಗ ಎಷ್ಟೋ ಸಲ ತಿಳಿದವಳ ಗತ್ತಿನಲ್ಲೇ ಹೇಳಿದ್ದೇನೆ!

ಪರೀಕ್ಷೆಯ ಅಂದಾಜಿನಲ್ಲೂ ಜಾತಿಗಳಿವೆ. ನಾಲ್ಕರಲ್ಲಿ ಎರಡು ಸುಳ್ಳೆಂದು ಗೊತ್ತಿದ್ದು ಉಳಿದೆರಡರಲ್ಲಿ ಒಂದನ್ನು ಆರಿಸುವವನಿಗೆ ಅರ್ಧ ತಿಳಿದಿದೆ. ಅವನು ಮೋಡ ನೋಡಿ ಬಿತ್ತುವ ನಮ್ಮಣ್ಣನಂಥವನು. ಏನೂ ಗೊತ್ತಿಲ್ಲದೆ ತುಂಬುವವನದು ಬೇರೆ. ಅವನನ್ನು ತಡೆಯಲೆಂದೇ ಕೆಲವು ಪರೀಕ್ಷೆಗಳಲ್ಲಿ ತಪ್ಪಿಗೆ ಅಂಕ ಕಳೆಯುತ್ತಾರೆ. ಐಎಎಸ್ ಪೂರ್ವಭಾವಿ ಪರೀಕ್ಷೆಯಲ್ಲಿ ಒಂದು ತಪ್ಪಿಗೆ ಮೂರನೇ ಒಂದು ಭಾಗ ಹೋಗುತ್ತದೆ. ಕಣ್ಣು ಮುಚ್ಚಿ ನಾಲ್ಕು ತುಂಬಿದರೆ ಒಂದು ಬರುತ್ತದೆ, ಮೂರು ತಪ್ಪಿಗೆ ಒಂದು ಹೋಗುತ್ತದೆ, ಕೈಗೆ ಸೊನ್ನೆ. ಇದು ನ್ಯಾಯದ ತಕ್ಕಡಿ. ಐಐಟಿ, ಎನ್‌ಐಟಿ ದಾರಿಯ ಜೆಇಇ ಮೇನ್‌ನಲ್ಲಿ ಸರಿಗೆ ನಾಲ್ಕು, ತಪ್ಪಿಗೆ ಒಂದು ಕಳೆ. ಅಲ್ಲೂ ನಾಲ್ಕು ತುಂಬಿದರೆ ನಾಲ್ಕು ಬಂದು ಮೂರು ಹೋಗಿ ಒಂದು ಉಳಿಯುತ್ತದೆ; ಹೆದರಿಕೆ ದೊಡ್ಡದು, ನಷ್ಟ ಇಲ್ಲ. ಅಮೆರಿಕದ ಎಸ್‌ಎಟಿ ಪರೀಕ್ಷೆಯಲ್ಲಿ 2016ರಿಂದ ಕಳೆಯುವುದನ್ನೇ ಬಿಟ್ಟರು. ನಮ್ಮ ಸಿಇಟಿಯಲ್ಲಿ ಅದು ಇಲ್ಲವೇ ಇಲ್ಲ. ಆದ್ದರಿಂದ ಎಲ್ಲರೂ ತುಂಬುತ್ತಾರೆ. ಎಲ್ಲರೂ ತುಂಬುವ ಕಡೆ ಒಬ್ಬಳು ಖಾಲಿ ಬಿಟ್ಟರೆ ದಂಡ ಬೀಳುವುದು ಅವಳಿಗೇ. ಸುಳ್ಳು ಹೇಳಿದ್ದಕ್ಕೆ ಅಲ್ಲ, ಸುಮ್ಮನಿದ್ದದ್ದಕ್ಕೆ.

ಅಂದರೆ ತುಂಬಿರಿ ಎಂದು ಹೇಳಿದ್ದು ತಪ್ಪಲ್ಲ ಎಂದು ಈಗಲೂ ನನಗನ್ನಿಸುತ್ತದೆ. ಪರೀಕ್ಷಕರಿಗೂ ಅದು ಗೊತ್ತು. ಗೊತ್ತಿದ್ದೇ ಇಟ್ಟ ನಿಯಮ. ಎರಡೂ ಕಡೆಯವರಿಗೆ ತಿಳಿದ ಆಟದಲ್ಲಿ ಮೋಸದ ಪ್ರಶ್ನೆ ಬರುವುದಿಲ್ಲ. ಮೋಸ ಇದ್ದದ್ದು ಬೇರೆ ಕಡೆ. ಪರೀಕ್ಷೆಗೆ ಒಂದು ದಿನ ಮಾತ್ರ. ಅಭ್ಯಾಸಕ್ಕೆ ಇಡೀ ವರ್ಷ. ಆ ವರ್ಷವಿಡೀ ನನ್ನ ಪಡಸಾಲೆಯಲ್ಲಿ ಮಕ್ಕಳು ಅಂದಾಜಿನಿಂದ ಬಂದದ್ದಕ್ಕೂ ಬಿಡಿಸಿ ಬಂದದ್ದಕ್ಕೂ ಒಂದೇ ಕೆಂಪು ಶಾಯಿಯ 'ಸರಿ' ಗುರುತು ಹಾಕಿಸಿಕೊಂಡು ಹೋಗುತ್ತಿದ್ದರು. ಹಾಕುತ್ತಿದ್ದವಳು ನಾನೇ. ಇದು ನನಗೆ ಗೊತ್ತು, ಇದು ನನಗೆ ಗೊತ್ತಿಲ್ಲ ಎಂಬ ಎರಡರ ನಡುವಿನ ಗೆರೆಯನ್ನು ನಾನೇ ಅಳಿಸುತ್ತಿದ್ದೆ. ಆ ಒಬ್ಬ ಹುಡುಗಿಯಲ್ಲಿ ಗೆರೆ ಅಳಿಯದೆ ಉಳಿದಿತ್ತು. ಅದಕ್ಕೆ ಅವಳನ್ನು ಬೈದೆ.

ಮರುವರ್ಷದಿಂದ ಒಂದು ನಿಯಮ ಮಾಡಿದೆ. ಅಭ್ಯಾಸದ ಹಾಳೆಯಲ್ಲಿ ಅಂದಾಜಿನಿಂದ ಹಾಕಿದ ಪ್ರತಿ ಉತ್ತರದ ಪಕ್ಕ ಒಂದು ಚುಕ್ಕಿ ಇಡಬೇಕು. ಚುಕ್ಕಿ ಇದ್ದದ್ದು ತಪ್ಪಾದರೆ ಚಿಂತೆಯಿಲ್ಲ. ಸರಿಯಾದರೆ ಅದನ್ನು ಪೂರ್ತಿ ಬಿಡಿಸಿ ತಂದು ತೋರಿಸುವವರೆಗೆ ನಾನು ಸರಿ ಗುರುತು ಹಾಕುವುದಿಲ್ಲ. ಮಕ್ಕಳಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. ಇಬ್ಬರು ಪಾಠ ಬಿಟ್ಟು ಹುಬ್ಬಳ್ಳಿಯ ಕೋಚಿಂಗಿಗೆ ಹೋದರು. ಒಬ್ಬಳ ತಂದೆ ಬಂದು "ಸರಿ ಬಂದದ್ದನ್ನ ಯಾಕ ಮತ್ತ ಮಾಡಸತೀರಿ? ಟೈಮ್ ವೇಸ್ಟ್ ಅಲ್ಲೇನ್ರಿ?" ಎಂದು ಕೇಳಿದರು. ಅವರಿಗೆ ಸರಿಯಾದ ಉತ್ತರ ಕೊಡಲು ನನಗಾಗಲಿಲ್ಲ. ರ್‍ಯಾಂಕುಗಳೇನೂ ಮೇಲೇರಲಿಲ್ಲ, ಇಳಿಯಲೂ ಇಲ್ಲ. ಮಕ್ಕಳು ಚುಕ್ಕಿ ಇಡುವುದನ್ನು ಕದಿಯಲು ಕಲಿತರೆಂಬುದೂ ನಿಜ. ಆದರೆ ಕೆಲವರು ಕಲಘಟಗಿಯ ಹಂಚಿನ ಮನೆಯ ನೆರಳಿನವರೆಗೆ ಬಂದರು. ಒಬ್ಬ ಹುಡುಗ, ಒಂದು ಮೂಲೆ ತೊಂಬತ್ತು ಡಿಗ್ರಿಗಿಂತ ದೊಡ್ಡದಾಗಿ ಮಾಡಿನ ತುದಿ ತೊಲೆಯ ಆಚೆ ಚಾಚಿದರೆ ನೆರಳೂ ಆಚೆ ಬೀಳುತ್ತದೆ, ಆಗ ಕೂಡಿಸುವ ಬದಲು ಕಳೆಯಬೇಕಲ್ಲವೇ ಎಂದು ತಾನಾಗಿ ಕೇಳಿದ. ಆ ದಿನ ನಾನು ಹೋಳಿಗೆ ಮಾಡಿದೆ.

ಆ ಹುಡುಗಿಯನ್ನು ಮತ್ತೆ ಕಂಡದ್ದು ಮೂರು ವರ್ಷದ ಹಿಂದೆ, ಹುಬ್ಬಳ್ಳಿಯಿಂದ ನವಲಗುಂದಕ್ಕೆ ಬರುವ ಬಸ್ಸಿನಲ್ಲಿ. ಅವಳೇ ಗುರುತು ಹಿಡಿದು ಎದ್ದು ಜಾಗ ಕೊಟ್ಟಳು. ಎಂಎಸ್ಸಿ ಮಾಡಿ, ಬಿಎಡ್ ಮಾಡಿ, ಕುಂದಗೋಳ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಾಳೆ. ರಜೆಯಲ್ಲಿ ತನ್ನಲ್ಲಿ ಕಲಿತು ಪಿಯುಸಿಗೆ ಹೋದ ಮಕ್ಕಳಿಗೆ ಸಿಇಟಿ ಅಭ್ಯಾಸವನ್ನೂ ಮಾಡಿಸುತ್ತಾಳಂತೆ. ಕುಸುಗಲ್ಲ ದಾಟುವವರೆಗೆ ಮನೆ, ಮಕ್ಕಳು, ತಾಯಿಯ ಮೊಣಕಾಲು ನೋವು ಮಾತಾಡಿದೆವು. ಆಮೇಲೆ ನಾನು ಧೈರ್ಯ ಮಾಡಿ ಆ ದಿನ ಬೈದದ್ದಕ್ಕೆ ತಪ್ಪಾಯಿತೆಂದು ಹೇಳಿದೆ. ಅವಳು ಸೆರಗಿನ ತುದಿ ಸುತ್ತುತ್ತ ಕಿಟಕಿಯ ಕಡೆ ನೋಡಿದಳು. "ಅದನ್ನ ಇನ್ನಾ ಇಟಗೊಂಡೀರೇನ್ರಿ ಮೇಡಂ?" ಎಂದಳು.

ನಾನು ಚುಕ್ಕಿಯ ನಿಯಮ ಹೇಳಿದೆ. ಮೆಚ್ಚಿಯಾಳೆಂದು ಒಳಗೊಳಗೇ ಆಸೆಯಿತ್ತು. "ಛಲೋ ಐತ್ರಿ" ಎಂದಳು. ಸ್ವಲ್ಪ ಬಿಟ್ಟು, "ನಾ ನಮ್ಮ ಮಕ್ಕಳಿಗೆ ಎಲ್ಲಾ ತುಂಬಿ ಬರ್ರಿ ಅಂತನ ಹೇಳತೇನ್ರಿ" ಎಂದಳು.

ನನಗೆ ಆಶ್ಚರ್ಯವಾಯಿತು. "ನೀನs?"

"ಹೌದ್ರಿ. ನಂದು ನಾ ಬಿಟ್ಟೆ. ಬಿಟ್ಟಿದ್ದರ ನಷ್ಟಾನೂ ನಾನ ಉಂಡೆ. ಅವರದು ಬಿಡಸಾಕ ನಾ ಯಾರ್ರಿ? ಕೂಲಿ ಮಾಡೋರ ಮಕ್ಕಳದಾವ್ರಿ. ನನ್ನ ನಿಯತ್ತಿಗೆ ಅವರ ಸೀಟು ಕೊಡಾಕ ಬರತೈತೇನ್ರಿ?"

ಹದಿನೈದು ವರ್ಷ ನಾನು ತೂಗಿ ನೋಡಿದ ಲೆಕ್ಕದಲ್ಲಿ ಈ ಅಂಶ ಇರಲೇ ಇಲ್ಲ. ತನ್ನ ಮೇಲೆ ತಾನು ಹಾಕಿಕೊಂಡ ನೇಮವನ್ನು ಇನ್ನೊಬ್ಬರ ಮೇಲೆ ಹಾಕಲು ಹಕ್ಕಿಲ್ಲ ಎಂಬುದು ನನಗೆ ತೋಚಿರಲಿಲ್ಲ. ನಾನು ಇತರರ ಮಕ್ಕಳಿಗೆ ಒಂದು ಸಲ ತುಂಬಿರೆಂದು, ಇನ್ನೊಂದು ಸಲ ಚುಕ್ಕಿ ಇಡಿರೆಂದು ಹೇಳುತ್ತ ಬಂದವಳು. ನನ್ನದೆಂದು ಏನನ್ನೂ ಬಿಟ್ಟವಳಲ್ಲ. ಹೆಬಸೂರು ಬಂತು, ಬಸ್ಸಿನಲ್ಲಿ ಗದ್ದಲವೆದ್ದಿತು. ಇಳಿಯುವ ಮೊದಲು ಕೇಳಿಯೇ ಬಿಟ್ಟೆ. "ಈಗ ನೀನ ಕೂತು ಬರದ್ರ? ತುಂಬತೀಯೇನು?"

ಅವಳು ನಕ್ಕಳು. ಉತ್ತರ ಹೇಳಲಿಲ್ಲ. ಆ ಗೋಲವನ್ನೂ ಖಾಲಿ ಬಿಟ್ಟಳು.

ಇದೆಲ್ಲವನ್ನು ತಂಗಿಯ ಮೊಮ್ಮಗಳಿಗೆ ಹೇಳಿದೆ, ಪೂರ್ತಿ. ಮೊಬೈಲು ಬದಿಗಿಟ್ಟು ಕೇಳಿದಳು, ಅದೇ ಒಂದು ದೊಡ್ಡ ಸಂಗತಿ. ಆಮೇಲೆ, "ಆದ್ರ ಅಜ್ಜಿ, ಮೊಬೈಲಿನಾಗ ಚುಕ್ಕಿ ಇಡಲಿಕ್ಕೆ ಬರೂದಿಲ್ಲಲ್ಲ" ಎಂದಳು. ನಾನು ಒಂದು ಹಳೆಯ ನೋಟುಬುಕ್ಕು ಕೊಟ್ಟೆ. ನಂಬರು ಬರೆದು ಮುಂದೆ ಚುಕ್ಕಿ ಇಡು, ನನಗೆ ತೋರಿಸಬೇಕಿಲ್ಲ, ನಿನಗಷ್ಟೇ ಎಂದೆ. ಅವಳು ಹುಬ್ಬಳ್ಳಿಗೆ ಹೋದ ಮೇಲೆ ದಿಂಬಿನ ಕೆಳಗೆ ನೋಟುಬುಕ್ಕು ಸಿಕ್ಕಿತು. ಮರೆತು ಹೋದಳೋ ಬಿಟ್ಟು ಹೋದಳೋ ತಿಳಿಯದು. ಮೊದಲ ಪುಟದಲ್ಲಿ ಒಂದರಿಂದ ಮೂವತ್ತೆರಡರವರೆಗೆ ನಂಬರು ಇದ್ದವು. ಹನ್ನೊಂದರ ಮುಂದೆ ಚುಕ್ಕಿ, ಎಲ್ಲ ಪೆನ್ಸಿಲ್ಲಿನವು. ಎರಡರ ಮುಂದೆ ಚುಕ್ಕಿ ಇಟ್ಟು ಅಳಿಸಿದ್ದಳು.